ಹಲಗೆ ಒರಗಿಸಿದರೆ ರ‍್ಯಾಂಪ್ ಆಗುವುದಿಲ್ಲ

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ವೀಲ್‌ಚೇರ್ ಬಳಸುವ ಕಲಾವಿದೆಯೊಬ್ಬರು ಹೊಸದಾಗಿ ಸೇರಿದ್ದಾರೆ. ಎರಡು ಅಡಿ ಎತ್ತರದ ವೇದಿಕೆಗೆ ಎಂಟು ಅಡಿಯ ಪ್ಲೈವುಡ್ ಹಲಗೆ ಒರಗಿಸಿದ್ದೇವೆ. ಇಬ್ಬರು ತಳ್ಳಿದರೂ ಭಯವಾಗುತ್ತದೆ.

ಉತ್ತರ: ಭಯಪಡಬೇಕಾದದ್ದೇ. ಒಂದು ಅಡಿ ಏರಲು 12 ಅಡಿ ಉದ್ದ ಬೇಕೆಂಬುದು ರ‍್ಯಾಂಪಿನ ಲೆಕ್ಕ. ನಿಮ್ಮ ವೇದಿಕೆಗೆ 24 ಅಡಿ ಬೇಕು, ಇರುವುದು ಅದರ ಮೂರರಲ್ಲೊಂದು ಪಾಲು. ಇಷ್ಟು ಕಡಿದಾದ ಹಲಗೆಯ ಮೇಲೆ ಭಾರ ಹಿಂದಕ್ಕೆ ವಾಲಿ, ಮುಂದಿನ ಚಿಕ್ಕ ಚಕ್ರಗಳು ಮೇಲೆದ್ದು, ಕುರ್ಚಿ ಹಿಂದಕ್ಕೆ ಮಗುಚಬಹುದು. ನೇರವಾಗಿ ಅಷ್ಟು ಜಾಗವಿಲ್ಲದಿದ್ದರೆ 12 ಅಡಿಯ ಎರಡು ತುಂಡು ಮಾಡಿ, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಜಾಗ ಬಿಡಿ. ಅಗಲ ನಾಲ್ಕು ಅಡಿ ಇರಲಿ. ಎರಡೂ ಅಂಚಿಗೆ ನಾಲ್ಕು ಇಂಚು ಎತ್ತರದ ಪಟ್ಟಿ ಹೊಡೆಯಿರಿ, ಇಲ್ಲದಿದ್ದರೆ ಕತ್ತಲಲ್ಲಿ ಚಕ್ರ ಹೊರಗಿಳಿಯುತ್ತದೆ. ರ‍್ಯಾಂಪ್ ಮುಗಿದು ವೇದಿಕೆ ಶುರುವಾಗುವ ಕಡೆ ಅರ್ಧ ಇಂಚು ಎತ್ತರದ ಅಂಚಿದ್ದರೂ ಮುಂಚಕ್ರ ಅಲ್ಲೇ ಸಿಕ್ಕಿಕೊಳ್ಳಬಹುದು. ಮೇಲೆ ಕಾರ್ಪೆಟ್ ಹಾಸಬೇಡಿ, ಚಕ್ರ ಹೂತು ತಳ್ಳುವುದು ಕಷ್ಟ. ಮರಳು ಬೆರೆಸಿದ ಪೇಂಟು ಬಳಿದರೆ ಜಾರುವುದಿಲ್ಲ.

‘ನಾಲ್ಕು ಜನ ಸೇರಿ ಎತ್ತಿಬಿಡೋಣ’ ಎನ್ನುವವರು ತಂಡದಲ್ಲಿ ಇದ್ದೇ ಇರುತ್ತಾರೆ. ಒಪ್ಪಬೇಡಿ. ಹಲವು ಕುರ್ಚಿಗಳಲ್ಲಿ ಕೈ ಇಡುವ, ಕಾಲು ಇಡುವ ಭಾಗಗಳು ಕಳಚುವಂಥವು. ಅವನ್ನೇ ಹಿಡಿದು ಎತ್ತಿದರೆ ಕಿತ್ತು ಕೈಗೆ ಬರುತ್ತವೆ. ಅಲ್ಲದೆ, ದಿನವೂ ತಾಲೀಮಿಗೆ ಮೂಟೆಯಂತೆ ಎತ್ತಿಸಿಕೊಂಡು ಹೋಗಲು ಯಾರಿಗೆ ಇಷ್ಟವಾದೀತು?

ನಮ್ಮನ್ನು ಕೇಳಿದರೆ ವೇದಿಕೆಯನ್ನೇ ಬಿಟ್ಟು ನೆಲದ ಮೇಲೆ ಆಡಿ. ಮುಂದೆ ಚಾಪೆ, ಆಮೇಲೆ ಕುರ್ಚಿ, ಹಿಂದೆ ಎತ್ತರದ ಬೆಂಚು ಹಾಕಿದರೆ ಹಿಂದಿನವರಿಗೂ ಕಾಣುತ್ತದೆ. ವೀಲ್‌ಚೇರಿನಲ್ಲಿ ಬರುವ ಪ್ರೇಕ್ಷಕರಿಗೆ ಒಂದೇ ಮೂಲೆ ಮೀಸಲಿಡದೆ, ಬೇರೆ ಬೇರೆ ಸಾಲುಗಳ ತುದಿಯಲ್ಲಿ ಮೂರಡಿ ಅಗಲ, ನಾಲ್ಕಡಿ ಉದ್ದದ ಜಾಗ ಬಿಡಿ. ಗ್ರೀನ್ ರೂಮಿನ, ಶೌಚಾಲಯದ ಬಾಗಿಲುಗಳನ್ನು ಇಂದೇ ಅಳೆಯಿರಿ. ಮೂರಡಿಗಿಂತ ಕಿರಿದಾಗಿದ್ದರೆ ರ‍್ಯಾಂಪಿಗಿಂತ ಮೊದಲು ಅದನ್ನು ಸರಿಪಡಿಸಬೇಕು.

ಪ್ರಶ್ನೆ: ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸಿದ್ದೆವು. ಆದರೂ ಕಿವುಡ ಪ್ರೇಕ್ಷಕರು ಅರ್ಧ ನಾಟಕ ತಿಳಿಯಲಿಲ್ಲ ಎಂದರು. ಯಾಕೆ?

ಉತ್ತರ: ಬೆಳಕಿನ ವಿನ್ಯಾಸ ಮಾಡಿದವರನ್ನು ಮೊದಲು ವಿಚಾರಿಸಿ. ರಂಗ ಕತ್ತಲಾದಾಗ ದುಭಾಷಿಯೂ ಕತ್ತಲಲ್ಲಿದ್ದರೆ ಸಂಭಾಷಣೆ ನಿಂತಂತೆಯೇ. ಅವರ ಮುಖ, ಕೈಗಳ ಮೇಲೆ ಬಿಳಿ ಬೆಳಕು ಆರದೆ ಇರಬೇಕು. ಗಾಢ ಕೆಂಪು, ನೀಲಿ ಬೆಳಕಿನಲ್ಲಿ ಬೆರಳುಗಳು ಬಿಡಿಯಾಗಿ ಕಾಣುವುದಿಲ್ಲ. ಮೈಬಣ್ಣಕ್ಕೆ ಎದ್ದುಕಾಣುವ ಒಂದೇ ಬಣ್ಣದ ಉಡುಪು ತೊಡಲಿ. ಅವರನ್ನು ದೂರದ ಮೂಲೆಗೆ ತಳ್ಳಿದರೆ ಪ್ರೇಕ್ಷಕರು ಟೆನಿಸ್ ನೋಡುವಂತೆ ಕತ್ತು ತಿರುಗಿಸುತ್ತಿರಬೇಕಾಗುತ್ತದೆ. ದುಭಾಷಿಯನ್ನು ದೃಶ್ಯ ನಡೆಯುವ ಬದಿಯಲ್ಲೇ ನಿಲ್ಲಿಸಿ, ಅವರಿಗೆ ಎದುರಾದ ಮುಂದಿನ ಸಾಲನ್ನು ಕಿವುಡ ಪ್ರೇಕ್ಷಕರಿಗೆ ಕಾಯ್ದಿರಿಸಿ. ಸ್ಕ್ರಿಪ್ಟು ಎರಡು ವಾರ ಮೊದಲೇ ಕೈಸೇರಲಿ, ಹಾಡು ಮತ್ತು ಶ್ಲೇಷೆಯನ್ನು ನಿಂತ ನಿಲುವಿನಲ್ಲಿ ಸಂಜ್ಞೆಗೆ ತರಲಾಗದು. ಒಂದು ಗಂಟೆ ಮೀರುವ ನಾಟಕಕ್ಕೆ ಇಬ್ಬರು ದುಭಾಷಿಗಳು ಬೇಕು, 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ವಯಸ್ಸಾದ ಮೇಲೆ ಕಿವಿ ಮಂದವಾದವರಿಗೆ ಸಾಮಾನ್ಯವಾಗಿ ಸಂಜ್ಞಾ ಭಾಷೆ ಬರುವುದಿಲ್ಲ. ಅವರಿಗಾಗಿ ಪರದೆಯ ಮೇಲೆ ಸಂಭಾಷಣೆಯ ಅಕ್ಷರ ಮೂಡಿಸಿ.

ಪ್ರಶ್ನೆ: ಕಣ್ಣು ಕಾಣದವರಿಗೆ ನಾಟಕದಲ್ಲಿ ಏನು ವ್ಯವಸ್ಥೆ ಮಾಡಬಹುದು?

ಉತ್ತರ: ನಾಟಕಕ್ಕೆ ಒಂದು ಗಂಟೆ ಮೊದಲು ಅವರನ್ನು ರಂಗಕ್ಕೆ ಕರೆದು ವೇಷಭೂಷಣ, ಪರಿಕರ ಮುಟ್ಟಿಸಿ. ನಟರು ಪಾತ್ರದ ದನಿಯಲ್ಲೇ ಪರಿಚಯ ಹೇಳಿಕೊಂಡರೆ ಆಮೇಲೆ ಯಾರ ಮಾತೆಂದು ಗುರುತು ಹತ್ತುತ್ತದೆ. ಇಯರ್‌ಫೋನಿನಲ್ಲಿ ವಿವರಣೆ ಕೊಡುವುದಾದರೆ ಮಾತುಗಳ ನಡುವಿನ ಬಿಡುವಿನಲ್ಲಷ್ಟೇ ಕೊಡಿ. ‘ಬಾಗಿಲ ಚಿಲಕ ಹಾಕಿದಳು’ ಎನ್ನಿ, ‘ಅವಳಿಗೆ ಸಿಟ್ಟು ಬಂದಿದೆ’ ಎನ್ನಬೇಡಿ. ಅದು ಅವರು ತಾವೇ ಊಹಿಸಿಕೊಳ್ಳುವ ಸಂಗತಿ.