ಅದೇ ಕಾಫಿ, ಹೊಸ ತಳಮಳ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 47 ವರ್ಷ. ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ಕಾಲೇಜಿನ ದಿನಗಳಿಂದಲೂ ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಕುಡಿಯುತ್ತ ಬಂದವನು. ರಾತ್ರಿ ಊಟವಾದ ಮೇಲೆ ಕುಡಿದರೂ ನಿದ್ರೆ ಕೆಟ್ಟದ್ದಿಲ್ಲ. ಈಗ ಎರಡು ಮೂರು ತಿಂಗಳಿಂದ ಸಂಜೆಯಾಗುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ ಹತ್ತುತ್ತದೆ. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುವುದನ್ನು ಮಕ್ಕಳೂ ಗಮನಿಸಿದ್ದಾರೆ. ಇಸಿಜಿ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲವೂ ಸರಿಯಿವೆ. ಮೂರು ತಿಂಗಳ ಹಿಂದೆ ವೈದ್ಯರ ಮಾತು ಕೇಳಿ, ದಿನಕ್ಕೊಂದು ಪ್ಯಾಕ್ ಸೇದುತ್ತಿದ್ದ ಸಿಗರೇಟನ್ನು ಪೂರ್ತಿ ಬಿಟ್ಟೆ. ಸೇದುತ್ತಿದ್ದಾಗಲೇ ಚೆನ್ನಾಗಿದ್ದೆನಲ್ಲ ಎಂದು ಈಗ ಅನ್ನಿಸುತ್ತಿದೆ. ಇದಕ್ಕೆ ಕಾಫಿ ಕಾರಣವಿರಬಹುದೇ? ಇದ್ದರೆ ಇಷ್ಟು ವರ್ಷ ಏನೂ ಮಾಡದ ಕಾಫಿ ಈಗೇಕೆ ಹೀಗೆ ಮಾಡುತ್ತಿದೆ?

ಉತ್ತರ: ಮೊದಲಿಗೆ ಒಂದು ವಿನಂತಿ. ದಯವಿಟ್ಟು ಸಿಗರೇಟಿಗೆ ಮರಳಬೇಡಿ. ನಿಮ್ಮ ತೊಂದರೆಯ ಮೂಲ ಬಹುಮಟ್ಟಿಗೆ ನಿಮ್ಮ ಪತ್ರದಲ್ಲೇ ಇದೆ, ಮತ್ತು ಅದಕ್ಕೆ ಸಿಗರೇಟಿಗಿಂತ ಎಷ್ಟೋ ಸುಲಭವಾದ ಪರಿಹಾರವೂ ಇದೆ.

ನೀವು ಕುಡಿಯುವ ಕಾಫಿ ಬದಲಾಗಿಲ್ಲ. ಅದನ್ನು ಕರಗಿಸಿ ಹೊರಹಾಕುವ ನಿಮ್ಮ ಯಕೃತ್ತಿನ ವೇಗ ಬದಲಾಗಿದೆ. ಕಾಫಿಯಲ್ಲಿರುವ ಕೆಫೀನನ್ನು ಒಡೆಯುವ ಮುಖ್ಯ ಕೆಲಸ ಯಕೃತ್ತಿನ ಒಂದು ಕಿಣ್ವದ್ದು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಆ ಕಿಣ್ವದ ಉತ್ಪಾದನೆಯನ್ನು ಹೆಚ್ಚಿಸುತ್ತವೆ; ಆದ್ದರಿಂದಲೇ ಧೂಮಪಾನಿಗಳ ದೇಹದಿಂದ ಕೆಫೀನ್ ಬಹಳ ಬೇಗ ಹೊರಹೋಗುತ್ತದೆ. ಸಾಮಾನ್ಯ ವ್ಯಕ್ತಿಯಲ್ಲಿ ಕುಡಿದ ಕೆಫೀನಿನ ಅರ್ಧದಷ್ಟು ಖಾಲಿಯಾಗಲು ಸುಮಾರು ಐದು ಗಂಟೆ ಬೇಕಾದರೆ, ಹೆಚ್ಚು ಸಿಗರೇಟ್ ಸೇದುವವರಲ್ಲಿ ಮೂರು ಗಂಟೆಯ ಆಸುಪಾಸಿನಲ್ಲೇ ಅಷ್ಟು ಕೆಲಸ ಮುಗಿಯುತ್ತದೆ. ಸೇದುವುದನ್ನು ನಿಲ್ಲಿಸಿದ ಒಂದು ವಾರದೊಳಗೆ ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಕೆರೆಗೆ ಬರುವ ನೀರು ಅಷ್ಟೇ ಇದ್ದು ತೂಬನ್ನು ಅರ್ಧ ಮುಚ್ಚಿದಂತಾಯಿತು: ಅದೇ ಐದು ಲೋಟ ಕುಡಿದರೂ ರಕ್ತದಲ್ಲಿ ನಿಲ್ಲುವ ಕೆಫೀನ್ ಸರಿಸುಮಾರು ಇಮ್ಮಡಿಯಾಗುತ್ತದೆ. ಬೆಳಗಿನ ಕಾಫಿ ಪೂರ್ತಿ ಕರಗುವ ಮೊದಲೇ ಹನ್ನೊಂದು ಗಂಟೆಯದ್ದು, ಅದರ ಮೇಲೆ ಸಂಜೆ ನಾಲ್ಕರದ್ದು ಸೇರುತ್ತ ಹೋಗುವುದರಿಂದ ನಿಮ್ಮ ತಳಮಳ ಬೆಳಿಗ್ಗೆ ಕಾಣದೆ ಸಂಜೆಯೇ ಏಳುತ್ತಿದೆ.

ಇನ್ನು ಕೆಫೀನ್ ಆತಂಕವನ್ನು ಹೇಗೆ ತರುತ್ತದೆ ಎಂಬುದು. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ, ಇನ್ನು ಸಾಕು, ವಿಶ್ರಾಂತಿ ತೆಗೆದುಕೊ ಎಂಬ ಸೂಚನೆ ಕೊಡುತ್ತದೆ. ಅದು ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ಕುಳಿತು ಆ ಸೂಚನೆಯನ್ನು ತಡೆಯುತ್ತದೆ. ಜೊತೆಗೆ ಅಡ್ರಿನಲಿನ್ ಸ್ರವಿಸಿ ಎದೆಬಡಿತ, ನಡುಕ, ಬೆವರು ಕಾಣಿಸಿಕೊಳ್ಳುತ್ತವೆ. ನಿಜವಾದ ಅಪಾಯ ಎದುರಾದಾಗ ಆಗುವುದೂ ಇದೇ ಆದ್ದರಿಂದ, ಹೊರಗೆ ಯಾವ ಕಾರಣವೂ ಕಾಣದಿದ್ದರೂ ಮನಸ್ಸು ಈ ದೇಹಸ್ಥಿತಿಯನ್ನು ಭಯವೆಂದೇ ಓದಿಕೊಳ್ಳುತ್ತದೆ. ನೀವು ಅನುಭವಿಸುತ್ತಿರುವುದು ನಿಜವಾದ ಆತಂಕವೇ ಹೊರತು ನಿಮ್ಮ ಕಲ್ಪನೆಯಲ್ಲ, ಮನೋದೌರ್ಬಲ್ಯವಂತೂ ಅಲ್ಲವೇ ಅಲ್ಲ. ಕೆಫೀನಿನಿಂದ ಉಂಟಾಗುವ ಆತಂಕವನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯಲ್ಲೂ ಪ್ರತ್ಯೇಕವಾಗಿ ಗುರುತಿಸಿದೆ.

ಸಿಗರೇಟ್ ಬಿಟ್ಟ ಸಂಕಟವೇ ಇದಾಗಿರಬಾರದೇಕೆ ಎಂದು ನೀವು ಕೇಳಬಹುದು. ನಿಕೋಟಿನ್ ತಪ್ಪಿದಾಗ ಸಿಡಿಮಿಡಿ, ಚಡಪಡಿಕೆ, ಆತಂಕ ಬರುವುದು ಸಹಜ. ಆದರೆ ಅದು ಮೊದಲ ವಾರದಲ್ಲಿ ಏರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ನಿಮ್ಮದು ಮೂರನೆಯ ತಿಂಗಳಲ್ಲೂ ಹಾಗೆಯೇ ಇದೆ, ಅದೂ ಕಾಫಿಯ ಲೆಕ್ಕಕ್ಕೆ ಸರಿಯಾಗಿ ಸಂಜೆಯ ಹೊತ್ತಿಗೆ. ಸಿಗರೇಟ್ ಬಿಟ್ಟು ಕೆಲವು ತಿಂಗಳು ಕಳೆದವರಲ್ಲಿ ಒಟ್ಟಾರೆ ಆತಂಕ ಸೇದುತ್ತಿದ್ದ ಕಾಲಕ್ಕಿಂತ ಕಡಿಮೆಯಾಗುವುದೇ ಹೆಚ್ಚು. ಆದರೆ ಧೂಮಪಾನ ಬಿಡಿಸುವಾಗ ಕಾಫಿಯ ವಿಷಯವನ್ನು ರೋಗಿಗೆ ಹೇಳುವವರು ಕಡಿಮೆ. ಇದು ನಮ್ಮ ವೃತ್ತಿಯ ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಕಷ್ಟಪಟ್ಟು ಬಿಟ್ಟವರು ಇದೇ ತಳಮಳಕ್ಕೆ ಹೆದರಿ ಮತ್ತೆ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲುವ ಅಪಾಯವಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, 150 ಮಿ.ಲೀ. ಸೋಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿ.ಗ್ರಾಂ ಮೀರಬಾರದು ಎಂಬುದು ಅದರ ಸಲಹೆ. ನಿಮ್ಮ ಮನೆಯ ಲೋಟದಲ್ಲಿ ಎಷ್ಟಿದೆ ಎಂಬುದು ಡಿಕಾಕ್ಷನ್ನಿನ ಗಟ್ಟಿತನವನ್ನೂ ಪುಡಿಯನ್ನೂ ಅವಲಂಬಿಸಿದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇರುವುದೇ ಇಲ್ಲ. ಚಿಕೋರಿ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಅಪ್ಪಟ ಕಾಫಿಪುಡಿಗೆ ಬದಲಾಯಿಸಿಕೊಂಡವರು ತಮಗರಿವಿಲ್ಲದೆ ಕೆಫೀನನ್ನು ಹೆಚ್ಚಿಸಿಕೊಂಡಿರುತ್ತಾರೆ. ಪುಡಿಯ ಅಂಗಡಿಯಲ್ಲಿ ಮಿಶ್ರಣದ ಪ್ರಮಾಣವನ್ನು ಕೇಳಿ ತಿಳಿದುಕೊಳ್ಳಿ.

ಈಗ ಮಾಡಬೇಕಾದದ್ದು ಇಷ್ಟು. ಐದು ಲೋಟವನ್ನು ಎರಡಕ್ಕೆ ಇಳಿಸಿ, ಆದರೆ ಒಂದೇ ದಿನದಲ್ಲಿ ಬೇಡ. ಇಷ್ಟು ವರ್ಷ ಕಾಫಿ ಕುಡಿದ ದೇಹಕ್ಕೆ ಅದು ಒಮ್ಮೆಲೇ ತಪ್ಪಿದರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯತೊಡಗುತ್ತದೆ, ಒಂದೆರಡು ದಿನ ವಿಪರೀತವಾಗಿ, ಕೆಲವರಲ್ಲಿ ಒಂಬತ್ತು ದಿನಗಳವರೆಗೂ ತಲೆನೋವು, ಮಂಕು, ಸಿಡುಕು ಉಳಿಯುತ್ತವೆ. ಆಗ ಇದೂ ಆತಂಕವೇ ಎಂದು ಇನ್ನಷ್ಟು ಗಾಬರಿಯಾದೀರಿ. ಮೊದಲು ರಾತ್ರಿಯ ಲೋಟ, ನಾಲ್ಕೈದು ದಿನ ಬಿಟ್ಟು ಸಂಜೆಯದ್ದು, ಬಳಿಕ ಮಧ್ಯಾಹ್ನದ್ದು, ಹೀಗೆ ಹಿಂದಿನಿಂದ ಕಳೆಯುತ್ತ ಬನ್ನಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಯಲ್ಲೂ ಲೋಟವಿರುವಾಗ ಸುಮ್ಮನೆ ಕೂರುವುದು ಕಷ್ಟವೆನಿಸಿದರೆ ಕಷಾಯವೋ ಮಜ್ಜಿಗೆಯೋ ಇರಲಿ. ಸಿಗರೇಟಿನ ಬದಲು ನಿಕೋಟಿನ್ ಚೂಯಿಂಗ್ ಗಮ್ ಬಳಸುತ್ತಿದ್ದರೆ ಅದನ್ನು ಮುಂದುವರಿಸಬಹುದು. ಆದರೆ ಕಿಣ್ವವನ್ನು ಹೆಚ್ಚಿಸುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲವಾದ್ದರಿಂದ ಗಮ್ ಜಗಿಯುವವರೂ ಕಾಫಿಯನ್ನು ತಗ್ಗಿಸಲೇಬೇಕು.

ಕಾಫಿ ತಗ್ಗಿಸಿ ಎರಡು ಮೂರು ವಾರ ಕಳೆದರೂ ಭಯ ಹಾಗೆಯೇ ಇದ್ದರೆ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿ. ಆತಂಕ ಕಾಯಿಲೆಗೆ ಒಳ್ಳೆಯ ಚಿಕಿತ್ಸೆಯಿದೆ. ಎದೆನೋವು, ತಲೆಸುತ್ತಿ ಬೀಳುವುದು, ಅನಿಯಮಿತ ಬಡಿತ ಕಂಡುಬಂದರೆ ಮಾತ್ರ ಕಾಫಿಯ ಮೇಲೆ ಹೊರಿಸಿ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ 52 ವರ್ಷ, ಹುಬ್ಬಳ್ಳಿಯವಳು. ಹತ್ತಾರು ವರ್ಷಗಳಿಂದ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುತ್ತಿದ್ದೆ. ಕಳೆದ ವರ್ಷ ಡೋಸ್ ಹೆಚ್ಚಿಸಿದರು. ಇತ್ತೀಚೆಗೆ ಆರೋಗ್ಯಕ್ಕೆಂದು ಬೆಳಗಿನ ಕಾಫಿಯನ್ನೇ ಬಿಟ್ಟೆ. ಬಿಟ್ಟ ಮೇಲೆ ಎದೆ ಹೊಡೆದುಕೊಳ್ಳುವುದು, ಸುಮ್ಮಸುಮ್ಮನೆ ಗಾಬರಿ, ನಿದ್ರೆ ಇಲ್ಲದಿರುವುದು ಶುರುವಾಗಿದೆ. ಕಾಫಿ ಬಿಟ್ಟರೆ ಆತಂಕ ಕಡಿಮೆಯಾಗಬೇಕಲ್ಲವೇ?

ಉತ್ತರ: ತಾಯಿ, ನಿಮ್ಮ ವಿಷಯದಲ್ಲಿ ಆಗಿರುವುದು ಬೇರೆ. ಕಾಫಿ ಥೈರಾಯ್ಡ್ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ಇಷ್ಟು ವರ್ಷ ಮಾತ್ರೆಯ ಒಂದು ಭಾಗ ವ್ಯರ್ಥವಾಗಿ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಹಾರ್ಮೋನ್ ಸಾಲದೆಂದು ಕಂಡಿರುವುದರಿಂದಲೇ ಡೋಸ್ ಹೆಚ್ಚಿಸಿರಬೇಕು. ಈಗ ಕಾಫಿಯಿಲ್ಲದೆ ಬರೀ ಹೊಟ್ಟೆಯಲ್ಲಿ ನುಂಗುತ್ತಿರುವ ಮಾತ್ರೆ ಹಿಂದಿಗಿಂತ ಹೆಚ್ಚಾಗಿ ರಕ್ತಕ್ಕೆ ಸೇರುತ್ತಿದೆ, ಮತ್ತು ಹೆಚ್ಚಾದ ಥೈರಾಯ್ಡ್ ಹಾರ್ಮೋನಿನ ಲಕ್ಷಣಗಳು ಆತಂಕದ ಲಕ್ಷಣಗಳಂತೆಯೇ ಇರುತ್ತವೆ. ಕೂಡಲೇ ಹಾರ್ಮೋನ್ ಹೆಚ್ಚಾಗಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಕಾಫಿ ಬಿಟ್ಟ ಸಂಗತಿಯನ್ನು ತಪ್ಪದೆ ನಿಮ್ಮ ವೈದ್ಯರಿಗೆ ತಿಳಿಸಿ. ಡೋಸನ್ನು ನೀವೇ ಕಡಿಮೆ ಮಾಡಬೇಡಿ, ಮಾತ್ರೆ ನಿಲ್ಲಿಸಲೂ ಬೇಡಿ. ವೈದ್ಯರು ಡೋಸ್ ಬದಲಿಸಿದರೆ ಆರು ವಾರದ ಬಳಿಕ ಮತ್ತೊಮ್ಮೆ ಪರೀಕ್ಷೆ ಬೇಕಾಗುತ್ತದೆ. ಮುಂದೆ ಕಾಫಿ ಬೇಕೆನಿಸಿದರೆ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಒಂದು ಗಂಟೆಯಾದ ಮೇಲೆ ಕುಡಿಯಿರಿ. ಇಂದು ಜೊತೆಗೆ, ನಾಳೆ ಬೇರೆಯಾಗಿ ಎಂಬಂತಾಗದೆ ದಿನವೂ ಒಂದೇ ಕ್ರಮವಿರಲಿ.

ಪ್ರಶ್ನೆ: ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ವರ್ಷದಿಂದ ರಾತ್ರಿ ಎನರ್ಜಿ ಡ್ರಿಂಕ್ ಕುಡಿದು ಎರಡು ಗಂಟೆಯವರೆಗೆ ಓದುತ್ತೇನೆ. ಈಗ ಪುಸ್ತಕ ತೆರೆದರೆ ಉಸಿರು ಕಟ್ಟಿದಂತಾಗುತ್ತದೆ. ಎಷ್ಟು ಕುಡಿದರೆ ಅಪಾಯವಿಲ್ಲ?

ಉತ್ತರ: ನಮ್ಮ ದೇಶದ ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿನಲ್ಲಿ 300 ಮಿ.ಗ್ರಾಂವರೆಗೆ ಕೆಫೀನ್ ಇರಬಹುದು; 250 ಮಿ.ಲೀ. ಡಬ್ಬಿಯಲ್ಲಿ ಅದು ಹೆಚ್ಚೆಂದರೆ 75 ಮಿ.ಗ್ರಾಂ, ಅಂದರೆ ಒಂದು ಲೋಟ ಕಾಫಿಯಷ್ಟು. ಹಾಗಾಗಿ ನಿಮ್ಮ ತೊಂದರೆ ಪ್ರಮಾಣಕ್ಕಿಂತ ಹೆಚ್ಚಾಗಿ ಹೊತ್ತಿನದ್ದು. ರಾತ್ರಿ ಹತ್ತಕ್ಕೆ ಕುಡಿದದ್ದರ ಅರ್ಧದಷ್ಟು ಮೂರು ಗಂಟೆಗೂ ರಕ್ತದಲ್ಲಿರುತ್ತದೆ. ಮಲಗಿದರೂ ಗಾಢ ನಿದ್ರೆ ಹತ್ತುವುದಿಲ್ಲ, ನಿದ್ರೆಗೆಟ್ಟ ಮೆದುಳು ಮರುದಿನ ಸಣ್ಣದಕ್ಕೂ ಬೆದರುತ್ತದೆ, ಆ ಸುಸ್ತಿಗೆ ಮತ್ತೊಂದು ಡಬ್ಬಿ ಬೇಕಾಗುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಯಾಗುವುದೂ ನಿದ್ರೆಯಲ್ಲೇ ಆದ್ದರಿಂದ ರಾತ್ರಿ ಎರಡರವರೆಗಿನ ಆ ಓದು ನಿಮಗೆ ದಕ್ಕುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳಿ. ಚಹಾ, ಕಾಫಿ ಏನಿದ್ದರೂ ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಸಿ. ಮೊದಲ ವಾರ ಓದು ಹಿಂದೆ ಬೀಳಬಹುದು, ಅದಕ್ಕೆ ಹೆದರಬೇಡಿ. ಮೂರು ವಾರವಾದರೂ ಉಸಿರು ಕಟ್ಟುವುದು ನಿಲ್ಲದಿದ್ದರೆ ಪರೀಕ್ಷೆ ಮುಗಿಯಲಿ ಎಂದು ಕಾಯದೆ ವೈದ್ಯರನ್ನು ಕಾಣಿ, ಡ್ರಿಂಕ್ ಕುಡಿಯುತ್ತಿದ್ದುದನ್ನು ಮುಚ್ಚಿಡದೆ ಹೇಳಿ.