ಸಕಲೇಶಪುರದಿಂದ ಕೆಮ್ಮಣ್ಣುಗುಂಡಿಗೆ ಮೌಂಟನ್ ಬೈಕಿನಲ್ಲಿ: ಯಾವ ಟೈರ್, ಯಾವ ಮ್ಯಾಪ್?

ಡಿಸೆಂಬರ್‌ನಲ್ಲಿ ಸಕಲೇಶಪುರದಿಂದ ಮೂಡಿಗೆರೆ, ಚಿಕ್ಕಮಗಳೂರು ದಾಟಿ ಕೆಮ್ಮಣ್ಣುಗುಂಡಿವರೆಗೆ ಆದಷ್ಟು ಡಾಂಬರು ಬಿಟ್ಟು ಹೋಗಬೇಕು ಅಂದಿದ್ದೀರಿ. 29 ಇಂಚಿನ ಚಕ್ರದ ಹಾರ್ಡ್‌ಟೇಲ್‌ಗೆ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್) ಕಂಪನಿಯಿಂದ ಬಂದ 2.1 ಇಂಚಿನ ಟೈರ್ ಸಾಕಾ, ಫೋನ್ ಮ್ಯಾಪ್ ನಂಬಬಹುದಾ, ಅಮೆರಿಕದ ಅಣ್ಣ ತರುವ ಇನ್‌ರೀಚ್ (ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ) ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಫೋನ್ ಸಾಕು. ಟೈರ್ ಬದಲಿಸಿ. ಇನ್‌ರೀಚ್ ಬೇಡವೇ ಬೇಡ.

ಮೊದಲು ದಾರಿ ಗೊತ್ತು ಮಾಡಿಕೊಳ್ಳಿ, ಟೈರ್ ವಿಷಯ ಆಮೇಲೆ. ನಾನು ಪಾಲಿಸುವ ಲೆಕ್ಕ ಇಷ್ಟೇ: ಟೈರಿನ ಮೇಲಿನ ಗುಬ್ಬಿಗಳನ್ನು (ಉಬ್ಬುಗಳನ್ನು) ದಾರಿಯ ದೊಡ್ಡ ಪಾಲು ನೋಡಿ ಆರಿಸಬೇಕು, ಟೈರಿನ ಪಕ್ಕದ ಗೋಡೆಯನ್ನು ದಾರಿಯ ಕೆಟ್ಟ ತುಂಡು ನೋಡಿ ಆರಿಸಬೇಕು. ನಿಮ್ಮ ದಾರಿಯಲ್ಲಿ ಜಾಸ್ತಿ ಸಿಗುವುದು ಕಿತ್ತುಹೋದ ಡಾಂಬರು ಮತ್ತು ಗಟ್ಟಿ ಕೆಂಪು ಮಣ್ಣಿನ ಎಸ್ಟೇಟ್ ರಸ್ತೆ. ಅಲ್ಲಿ ದೊಡ್ಡ ಗುಬ್ಬಿಯ ಟೈರ್ ಸುಮ್ನೆ ಕಾಲು ತಿನ್ನುತ್ತದೆ. ಆದರೆ ಬಾಬಾಬುಡನ್‌ಗಿರಿ ದಾಟಿದ ಮೇಲೆ ಸಡಿಲ, ಚೂಪು ಕಲ್ಲು. ಕಾಗದದ ಹಾಗಿರುವ ರೇಸ್ ಟೈರ್ ಅಲ್ಲಿ ಪಕ್ಕದಿಂದ ಸೀಳುತ್ತದೆ. ಸೀಳಿಗೆ ಸೀಲೆಂಟ್ (ಸಣ್ಣ ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಏನೂ ಮಾಡಲಾರದು. ಹಳೆ ಟೈರಿನ ಒಂದು ತುಂಡು ಬ್ಯಾಗಲ್ಲಿರಲಿ, ಒಳಗಿಂದ ಅಡ್ಡ ಇಟ್ಟು ಟ್ಯೂಬ್ ಹಾಕಿದರೆ ಊರು ಮುಟ್ಟಬಹುದು.

ಹಾಗಾಗಿ 2.35 ಇಂಚು ಅಗಲದ, ನಡುವೆ ಚಿಕ್ಕ ಹತ್ತಿರದ ಗುಬ್ಬಿ, ಪಕ್ಕದಲ್ಲಿ ಗಟ್ಟಿ ಪದರ ಇರುವ ಟೈರ್ ನೋಡಿ. ವಿಟೋರಿಯಾ ಮೆಜ್ಕಾಲ್ ಇಂಥದ್ದಕ್ಕೆ ಹೇಳಿ ಮಾಡಿಸಿದ್ದು. ಮ್ಯಾಕ್ಸಿಸ್‌ನಲ್ಲಾದರೆ ಹಿಂದೆ ಐಕಾನ್, ಮುಂದೆ ರೆಕಾನ್, ಎರಡರಲ್ಲೂ ಎಕ್ಸೋ ಅನ್ನುವ ಗಟ್ಟಿ ಪಕ್ಕದ ಪದರದ್ದೇ ಕೇಳಿ. ಡಿಸೆಂಬರ್‌ನಲ್ಲಿ ಮಳೆ ಕಡಿಮೆ, ಆದರೂ ಬೆಳಗಿನ ಇಬ್ಬನಿಗೆ ನೆನೆದ ಸಿಲ್ವರ್ ಓಕ್ ಎಲೆ ಜಾರುತ್ತದೆ. ಮುಂದಿನ ಟೈರಿನ ಹಿಡಿತದಲ್ಲಿ ಕಂಜೂಸಿತನ ಬೇಡ. ಕೊಳ್ಳುವ ಮೊದಲು ಫ್ರೇಮಿನಲ್ಲಿ ಅಷ್ಟು ಅಗಲಕ್ಕೆ ಜಾಗ ಇದೆಯಾ ಅಳೆಯಿರಿ. ಮಳೆಗಾಲದ ಕಥೆ ಬೇರೆ. ಹತ್ತಿರದ ಗುಬ್ಬಿಗಳ ನಡುವೆ ಆ ಅಂಟು ಮಣ್ಣು ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ.

ರಿಮ್ ಒಪ್ಪುವುದಾದರೆ ಟ್ಯೂಬ್‌ಲೆಸ್ ಮಾಡಿಸಿ. ಲಂಟಾನ, ಬಿದಿರು ಮುಳ್ಳಿನ ನಾಡು ಅದು. ಚಕ್ರಕ್ಕೆ 100 ಮಿಲಿ ಸೀಲೆಂಟ್, ಅದೂ ಹೊಸದು. ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಅದು ಒಣಗುತ್ತದೆ. ನಿಮ್ಮ ತೂಕ 70 ಕೆಜಿ ಆಸುಪಾಸಿದ್ದರೆ ಗಾಳಿಯ ಒತ್ತಡ ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರು ಮಾಡಿ, ಬ್ಯಾಗಿನ ಭಾರ ನೋಡಿ ಸ್ವಲ್ಪ ಏರಿಸಿ. ಟ್ಯೂಬ್ ಇದ್ದರೆ 30 ದಾಟಿಸಬೇಕು, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ಮೇ ಟ್ಯೂಬನ್ನು ಕಚ್ಚುತ್ತದೆ. ಇನ್ನೊಂದು ಸಣ್ಣ ವಸ್ತು ಮರೆಯಬೇಡಿ, ಪ್ರೆಸ್ಟಾ (ಸೈಕಲ್‌ಗಳಲ್ಲಿ ಬರುವ ಸಣ್ಣ ಮೂತಿಯ) ವಾಲ್ವ್‌ಗೆ ಹಾಕುವ ಹಿತ್ತಾಳೆ ಅಡಾಪ್ಟರ್. ಅದಿದ್ದರೆ ಯಾವ ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ತುಂಬಿಸಬಹುದು. ಇಲ್ಲದಿದ್ದರೆ ಅಂಗಡಿಯವರು ವಾಲ್ವ್ ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಈಗ ಮ್ಯಾಪ್. ಮಲೆನಾಡಿನಲ್ಲಿ ಸ್ಯಾಟಲೈಟ್ ಚಿತ್ರ ನೋಡಿ ದಾರಿ ಹುಡುಕುವುದು ದಂಡ. ನಮ್ಮ ಕಾಫಿ ಬೆಳೆಯುವುದು ಮರದ ನೆರಳಲ್ಲಿ, ಮೇಲಿಂದ ಕಾಣುವುದು ಬರೀ ಹಸಿರು. ಮ್ಯಾಪಿನ ಗೆರೆ ದಾರಿ ಇದೆ ಅಂತ ಹೇಳುತ್ತದೆ, ಗೇಟಿಗೆ ಬೀಗ ಇದೆ ಅಂತ ಹೇಳುವುದಿಲ್ಲ. ಸೈಕಲ್ ಸವಾರರು ಬಳಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್‌ನಲ್ಲಿ ಜನ ನಿಜಕ್ಕೂ ಓಡಾಡಿದ ಗೆರೆ ನೋಡಿ ಜಿಪಿಎಕ್ಸ್ (ದಾರಿಯ ಫೈಲ್) ಮಾಡಿಕೊಳ್ಳಿ. ಅದನ್ನು ಆಸ್‌ಮ್ಯಾಂಡ್ ಅನ್ನುವ ಮ್ಯಾಪ್ ಆ್ಯಪ್‌ಗೆ ಹಾಕಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ, ಬ್ಯಾಟರಿ ತಿನ್ನುವುದು ಸ್ಕ್ರೀನ್ ಮತ್ತು ಸಿಗ್ನಲ್ ಹುಡುಕಾಟ. ಅಲ್ಲಲ್ಲಿ ಡಾಂಬರು ರಸ್ತೆಗೆ ಇಳಿಯುವ ಜಾಗಗಳನ್ನು ಮೊದಲೇ ಗುರುತು ಹಾಕಿ, ಉದಾಹರಣೆಗೆ ಹಾನುಬಾಳು, ಆಲ್ದೂರು. ಒಂದು ಗೇಟ್ ಮುಚ್ಚಿದ್ದರೆ ಅಲ್ಲೇ ಬೇರೆ ಸಂದು ಹುಡುಕುವ ಬದಲು ಹಿಂದಿರುಗಿ ರಸ್ತೆ ಹಿಡಿಯಿರಿ.

ಡಿಸೆಂಬರ್ ಅರೇಬಿಕಾ ಕುಯ್ಲಿನ ಸಮಯ. ತೋಟದ ತುಂಬ ಜನ ಇರುತ್ತಾರೆ, ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಗುತ್ತದೆ. ಗೇಟಿನ ಬಳಿ ರೈಟರನ್ನು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರನ್ನು) ಕೇಳಿ. ಸಮಾಧಾನವಾಗಿ ಕೇಳಿದರೆ ಬಿಡುವವರೂ ಇದ್ದಾರೆ, ಬಿಡದಿದ್ದರೆ ವಾದ ಬೇಡ, ಅದು ಅವರ ತೋಟ ಅಲ್ವಾ.

ಇನ್‌ರೀಚ್ ಇರಿಡಿಯಂ ಸ್ಯಾಟಲೈಟ್ ಮೇಲೆ ನಡೆಯುತ್ತದೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಅಣ್ಣನ ಬ್ಯಾಗಲ್ಲಿ ಜಾಗ ಇದ್ದರೆ ಮಡಚಿದ ಟೈರ್ ತರಿಸಿ.

ನಿಜವಾದ ಅಪಾಯ ದಾರಿ ತಪ್ಪುವುದಲ್ಲ, ಆನೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ತೋಟದೊಳಗೇ ಆನೆ ಇರುತ್ತವೆ. ಸೈಕಲ್ ಸದ್ದಿಲ್ಲದೆ ಹೋಗುತ್ತದೆ, ಅದೇ ತೊಂದರೆ. ಪ್ರತಿ ಊರಿನ ಟೀ ಅಂಗಡಿಯಲ್ಲಿ "ಆನೆ ಯಾವ ಕಡೆ ಇದೆ" ಅಂತ ಕೇಳಿಯೇ ಹೊರಡಿ. ಬಿಸಿಲು ಬಿದ್ದ ಮೇಲೆ ಶುರು ಮಾಡಿ, ಸಂಜೆ ನಾಲ್ಕು ಗಂಟೆಯೊಳಗೆ ಊರು ಸೇರಿ. ಕೆಮ್ಮಣ್ಣುಗುಂಡಿ ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಆ ಕಡೆ ಹೋಗುವ ಗೆರೆ ಮ್ಯಾಪಿನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅನುಮತಿಯಿಲ್ಲದೆ ಕಾಲಿಡಬೇಡಿ. ಗಿರಿ ಭಾಗವನ್ನು ವಾರದ ನಡುವೆ ಇಟ್ಟುಕೊಳ್ಳಿ, ಶನಿವಾರ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳ ನಡುವೆ ಸೈಕಲ್ ನುಗ್ಗಿಸುವುದು ಕಷ್ಟ.