ಪೆನ್‌ಡ್ರೈವ್ ಎಲ್ಲಾ ಕಂಪ್ಯೂಟರಲ್ಲೂ ಓಪನ್ ಆಗ್ಬೇಕಾದ್ರೆ

ಪ್ರಶ್ನೆ: ನಮ್ಮ ಮನೆ ಕಂಪ್ಯೂಟರಲ್ಲಿ ಇರುವುದು ಉಬುಂಟು ಲಿನಕ್ಸ್. ಊರಲ್ಲಿ ಆದ ಯಕ್ಷಗಾನ ಆಟದ ರೆಕಾರ್ಡಿಂಗನ್ನು 64 ಜಿಬಿ ಪೆನ್‌ಡ್ರೈವಿಗೆ ಹಾಕಿ ಉಡುಪಿಯ ಒಂದು ಸ್ಟುಡಿಯೋಗೆ ಎಡಿಟಿಂಗಿಗೆ ಕೊಟ್ಟೆ. ಅವರ ವಿಂಡೋಸಿಗೆ ಹಾಕಿದ ಕೂಡ್ಲೇ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತದೆ. ಮನೆಗೆ ತಂದು ಫ್ಯಾಟ್ ಅಂತ ಫಾರ್ಮ್ಯಾಟ್ ಮಾಡಿದ್ರೆ ದೊಡ್ಡ ವಿಡಿಯೋ ಕಾಪಿಯೇ ಆಗುವುದಿಲ್ಲ. ಎಂತ ಮಾಡುವುದು?
- ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಪೆನ್‌ಡ್ರೈವ್ ಹಾಳಾಗ್ಲಿಲ್ಲ, ಹೆದರ್ಬೇಡಿ. ಮೊದ್ಲು ಅದರಲ್ಲಿ ಇದ್ದದ್ದು ಇಎಕ್ಸ್‌ಟಿ4 ಆಗಿರ್ಬೇಕು, ಅದು ಲಿನಕ್ಸಿನ ಫೈಲ್ ಸಿಸ್ಟಮ್, ಅಂದ್ರೆ ಡ್ರೈವಲ್ಲಿ ಫೈಲ್ ಜೋಡಿಸಿ ಇಡುವ ಕ್ರಮ, ವಿಂಡೋಸಿಗೆ ಓದ್ಲಿಕ್ಕೆ ಬರುವುದಿಲ್ಲ, ಹಾಗಾಗಿ ಫಾರ್ಮ್ಯಾಟ್ ಕೇಳ್ತದೆ, ಅಲ್ಲಿ ಯಾರಾದ್ರೂ ಓಕೆ ಒತ್ತಿದ್ರೆ ರೆಕಾರ್ಡಿಂಗ್ ಹೋಯ್ತು. ಆಮೇಲೆ ನೀವು ಮಾಡಿದ ಫ್ಯಾಟ್32ರಲ್ಲಿ ಒಂದೊಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, ಡ್ರೈವಲ್ಲಿ ಎಷ್ಟು ಜಾಗ ಖಾಲಿ ಇದ್ರೂ ಅಷ್ಟೇ. ಇಡೀ ರಾತ್ರಿಯ ಆಟ 4 ಜಿಬಿಯೊಳಗೆ ಎಲ್ಲಿ ಹಿಡಿಸ್ತದೆ ಮಾರಾಯ್ರೆ!

ನಿಮಗೆ ಬೇಕಾದ್ದು ಎಕ್ಸ್‌ಫ್ಯಾಟ್, ಇದರಲ್ಲಿ ಆ 4 ಜಿಬಿ ಮಿತಿ ಇಲ್ಲ. ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು, 2019ರಲ್ಲಿ ಅದರ ಪೂರ್ತಿ ವಿವರ ಹೊರಗೆ ಬಿಟ್ಟ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲಿಗೇ ಸೇರಿತು, ಕರ್ನಲ್ 5.7 ಆವೃತ್ತಿಯಿಂದ ಸ್ಯಾಮ್‌ಸಂಗಿನವರ ಒಳ್ಳೆ ಡ್ರೈವರ್ ಉಂಟು. ವಿಂಡೋಸ್, ಮ್ಯಾಕ್ ಎರಡರಲ್ಲೂ ಓದ್ಲಿಕ್ಕೂ ಆಗ್ತದೆ ಬರೀಲಿಕ್ಕೂ ಆಗ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಸಾಕು ಅಂತ ಕೆಲವರು ಹೇಳ್ತಾರೆ, ಆದ್ರೆ ಮ್ಯಾಕಿನಲ್ಲಿ ಅದು ಓದ್ಲಿಕ್ಕೆ ಮಾತ್ರ.

ವಿಡಿಯೋದ ಕಾಪಿ ಕಂಪ್ಯೂಟರಲ್ಲಿ ಉಂಟಾ ನೋಡ್ಕೊಂಡು, ಎಕ್ಸ್‌ಫ್ಯಾಟ್‌ಪ್ರಾಗ್ಸ್ ಅನ್ನುವ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಉಬುಂಟುವಿನ ಡಿಸ್ಕ್ಸ್ ಆ್ಯಪ್ ತೆಗೀರಿ. ಎಡಬದಿಯ ಪಟ್ಟಿಯಲ್ಲಿ ಹೆಸರು, ಸೈಜ್ ಎರಡೂ ನೋಡಿಯೇ ಪೆನ್‌ಡ್ರೈವ್ ಆರಿಸಿ. ಇಲ್ಲಿ ಮಾತ್ರ ಅವಸರ ಮಾಡ್ಲೇಬೇಡಿ, ತಪ್ಪಿ ಹಾರ್ಡ್‌ಡಿಸ್ಕ್ ಆರಿಸಿದ್ರೆ ಮನೆಯವರ ಫೋಟೋದಿಂದ ಹಿಡಿದು ಎಲ್ಲಾ ಹೋಗ್ತದೆ. ಮೇಲಿನ ಮೂರು ಚುಕ್ಕೆಯಲ್ಲಿ ಫಾರ್ಮ್ಯಾಟ್ ಡಿಸ್ಕ್, ಅದರಲ್ಲಿ ಎಂಬಿಆರ್ (ಡ್ರೈವಿನ ಭಾಗಗಳ ಪಟ್ಟಿ ಇಡುವ ಒಂದು ಕ್ರಮ) ಆರಿಸಿ. ಆಮೇಲೆ ಪ್ಲಸ್ ಒತ್ತಿ ಪಾರ್ಟಿಶನ್ ಮಾಡುವಾಗ ಎಲ್ಲಾ ಸಿಸ್ಟಮಿಗೂ ಆಗ್ತದೆ ಅಂತ ಒಂದು ಆಯ್ಕೆ ಕಾಣ್ತದೆ, ನೋಡ್ಲಿಕ್ಕೆ ಅದೇ ಸರಿ ಅಂತ ಅನ್ನಿಸ್ತದೆ, ಆದ್ರೆ ಅದು ಹಳೇ ಫ್ಯಾಟೇ. ಅದನ್ನು ಬಿಟ್ಟು ಅದರ್ ಒತ್ತಿ ಮುಂದೆ ಹೋದ್ರೆ ಎಕ್ಸ್‌ಫ್ಯಾಟ್ ಸಿಗ್ತದೆ.

ಮತ್ತೆ, ಕಾಪಿ ಮುಗಿದ ಹಾಗೆ ಕಂಡ್ರೂ ಲಿನಕ್ಸ್ ಸ್ವಲ್ಪ ಡೇಟಾ ರ್‍ಯಾಮಲ್ಲಿ ಇಟ್ಕೊಂಡು ಹಿಂದಿನಿಂದ ಬರೀತಾ ಇರ್ತದೆ, ಆಗ ಎಳೆದ್ರೆ ಸ್ಟುಡಿಯೋದವರಿಗೆ ಸಿಗುವುದು ಅರ್ಧ ಫೈಲ್. ಎಜೆಕ್ಟ್ ಕೊಟ್ಟು ತೆಗೀಬಹುದು ಅಂತ ಬಂದ ಮೇಲೇ ತೆಗೀರಿ. ಕೆಲವು ಹಳೇ ಟಿವಿ, ಕಾರ್ ಸ್ಟಿರಿಯೋಗೆ ಎಕ್ಸ್‌ಫ್ಯಾಟ್ ಗೊತ್ತಾಗುವುದಿಲ್ಲ, ಹಾಡು ಕೇಳ್ಲಿಕ್ಕೆ ಫ್ಯಾಟ್32 ಮಾಡಿದ ಬೇರೆಯೇ ಸಣ್ಣ ಪೆನ್‌ಡ್ರೈವ್ ಇಟ್ಕೊಳ್ಳಿ.